ಹಿರಿಯರ ಮರದ ಪೆಟ್ಟಿಗೆ: ಮಾರುವ ಮುನ್ನ ಒಮ್ಮೆ ತೆರೆದು ನೋಡೋಣ

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬಾಳಿದವರಿಗೆ ಒಂದು ವಸ್ತುವಿನ ಪರಿಚಯ ಇದ್ದೇ ಇರುತ್ತದೆ. ಪಡಸಾಲೆಯನ್ನು ದಾಟಿ ನಡುಮನೆಗೆ ಬಂದರೆ, ಬೆಳಕು ಕಡಿಮೆ ಬೀಳುವ ಮೂಲೆಯಲ್ಲಿ, ನೆಲದ ತೇವ ತಾಗದಂತೆ ನಾಲ್ಕು ಕಲ್ಲುಗಳ ಮೇಲೆ ಕುಳಿತಿರುವ ಮರದ ಪೆಟ್ಟಿಗೆಯೇ ಅದು. ಅದರ ಮೂಲೆಗಳಿಗೆ ಹಿತ್ತಾಳೆಯ ತಗಡು, ಮೈಸುತ್ತ ಕಬ್ಬಿಣದ ಪಟ್ಟಿ, ಮುಂಭಾಗದಲ್ಲಿ ಕೊಂಡಿ, ಕೊಂಡಿಗೆ ಅಂಗೈಯಗಲದ ಬೀಗ. ಇಬ್ಬರು ಗಂಡಾಳುಗಳು ಕೂಡಿ ಎತ್ತಿದರೂ ಮಿಸುಕದಷ್ಟು ಭಾರ. ಮಕ್ಕಳು ಅದರ ಮೇಲೆ ಹತ್ತಿ ಕುಣಿದರೆ ಹಿರಿಯರು ಗದರಿಸುತ್ತಿದ್ದರು. ಅಮಾವಾಸ್ಯೆಯಂದು ಅದಕ್ಕೂ ಒಂದು ವಿಭೂತಿಯ ಗೆರೆ, ಒಂದು ಹೂವು ಸಲ್ಲುತ್ತಿತ್ತು.

ಇಂದು ಈ ಪೆಟ್ಟಿಗೆಗಳು ಒಂದೊಂದಾಗಿ ಮನೆಯಿಂದ ಹೊರಬೀಳುತ್ತಿವೆ. ಮಾಳಿಗೆ ಮನೆ ಕೆಡವಿ ಆರ್.ಸಿ.ಸಿ. ಮನೆ ಕಟ್ಟುವಾಗ ಇವಕ್ಕೆ ಜಾಗ ಸಿಗುವುದಿಲ್ಲ. ಕೆಲವು ದನದ ಕೊಟ್ಟಿಗೆ ಸೇರಿ ಹಿಂಡಿ, ಹೊಟ್ಟು ತುಂಬುವ ಡಬ್ಬಿಗಳಾಗಿವೆ. ಕೆಲವು ಗೆದ್ದಲಿಗೆ ಆಹಾರವಾಗಿವೆ. ಇನ್ನು ಕೆಲವನ್ನು ಊರೂರು ತಿರುಗುವ ವ್ಯಾಪಾರಿಗಳು ಕೊಂಡು, ಬೆಂಗಳೂರು, ಮುಂಬಯಿ, ಗೋವೆಯ ಅಂಗಡಿಗಳಿಗೆ ಸಾಗಿಸುತ್ತಿದ್ದಾರೆ. ಮಾರುವುದು ತಪ್ಪೆಂದು ನಾವು ಹೇಳಲಾರೆವು. ಮನೆಯ ಅನುಕೂಲ, ಅನಾನುಕೂಲ ಆಯಾ ಮನೆಯವರಿಗೇ ಗೊತ್ತು. ಆದರೆ ಏನನ್ನು ಮಾರುತ್ತಿದ್ದೇವೆ ಎಂಬುದನ್ನು ಅರಿತು ಮಾರಬೇಕು, ಉಳಿಸಿಕೊಳ್ಳುವುದಾದರೆ ಅರಿತು ಉಳಿಸಿಕೊಳ್ಳಬೇಕು. ಈ ಲೇಖನದ ಉದ್ದೇಶ ಅಷ್ಟೇ.

ಹೆಸರು ಹಲವು, ಕೆಲಸ ಒಂದೇ

ನಮ್ಮ ಭಾಗದಲ್ಲಿ ಇದಕ್ಕೆ ಪೆಟ್ಟಿಗೆ ಎಂದೂ ಸಂದೂಕ ಎಂದೂ ಹೆಸರು. ಪೆಟ್ಟಿಗೆ ನಮ್ಮ ಹಳೆಯ ಮಾತು. ಸಂದೂಕ ಅರಬ್ಬಿ ಭಾಷೆಯಿಂದ ಹೊರಟು, ಪಾರಸಿ, ಹಿಂದೂಸ್ತಾನಿಗಳ ಮೂಲಕ ನಮ್ಮ ಮನೆ ಸೇರಿದ ಪದ. ಅಂಗಡಿಯ ಗಾದಿಯ ಮುಂದೆ, ಇಳಿಜಾರು ಮುಚ್ಚಳದೊಡನೆ, ಶೆಟ್ಟರು ಮೊಣಕೈ ಊರಿ ಲೆಕ್ಕ ಬರೆಯಲು ಅನುಕೂಲವಾಗುವಂತೆ ಮಾಡಿದ್ದು ಗಲ್ಲಾ ಪೆಟ್ಟಿಗೆ. ಹೆಣ್ಣುಮಕ್ಕಳ ಒಡವೆ, ಕುಂಕುಮ, ಕನ್ನಡಿಗಳಿಗೆ ಬೇರೆಯೇ ಸಣ್ಣ ಪೆಟ್ಟಿಗೆ. ಕಾಳುಕಡಿಗೆ ಹಗೇವು, ಕಣಜಗಳಿದ್ದವು. ಬಟ್ಟೆ, ಬಂಗಾರ, ಕಾಗದಪತ್ರಗಳಿಗೆ ಪೆಟ್ಟಿಗೆಯೇ ಗತಿ.

ಈ ಕುಟುಂಬದ ಅತ್ಯಂತ ಕಿರಿಯ, ಅತ್ಯಂತ ಪೂಜ್ಯ ಸದಸ್ಯನನ್ನು ನಮ್ಮ ವಾಚಕರು ದಿನವೂ ಕೊರಳಲ್ಲಿ ಧರಿಸುತ್ತಾರೆ. ಇಷ್ಟಲಿಂಗವನ್ನು ಕಾಪಾಡುವ ಕರಡಿಗೆ ಎಂಬ ಮಾತಿಗೆ ಮೂಲಾರ್ಥ ಪೆಟ್ಟಿಗೆ ಎಂದೇ. ಸಂಸ್ಕೃತದ ಕರಂಡ, ಕರಂಡಕಗಳಿಗೆ ಅದು ಬಂಧು. ಅಮೂಲ್ಯವಾದುದನ್ನು ಗಟ್ಟಿಯಾದ ಹೊದಿಕೆಯೊಳಗಿಟ್ಟು, ಆ ಹೊದಿಕೆಯನ್ನೂ ಅಂದಗೊಳಿಸುವ ಬುದ್ಧಿ ನಮ್ಮ ಜನಕ್ಕೆ ಬಹು ಹಿಂದಿನಿಂದ ಬಂದದ್ದು. ಅಂಗೈಯಲ್ಲಿ ಅಡಗುವ ಬೆಳ್ಳಿಯ ಕರಡಿಗೆಗೂ, ನಾಲ್ವರು ಹೊರುವ ಸಾಗವಾನಿ ಪೆಟ್ಟಿಗೆಗೂ ಹಿಂದಿರುವ ವಿಚಾರ ಒಂದೇ.

ಬಾಚಿ, ಉಳಿ, ಸುತ್ತಿಗೆಗಳ ಕೂಡಾಟ

ಇಂಥ ಪೆಟ್ಟಿಗೆ ಒಬ್ಬನ ಕೈಯಿಂದ ಆಗುವ ಕೆಲಸವಲ್ಲ. ಮರ ಬಡಿಗೇರರದು, ಪಟ್ಟಿ, ಮೊಳೆ, ಕೊಂಡಿ ಕಮ್ಮಾರರದು, ಹಿತ್ತಾಳೆಯ ತಗಡಿನ ಕುಸುರಿ ಕಂಚುಗಾರರದು. ರಂಟೆ, ಬಂಡಿ, ತೊಟ್ಟಿಲು, ಬಾಗಿಲ ಚೌಕಟ್ಟು, ಊರ ದೇವರ ತೇರು ಇವೆಲ್ಲವನ್ನೂ ಮಾಡುತ್ತಿದ್ದ ಕೈಗಳೇ ಪೆಟ್ಟಿಗೆಯನ್ನೂ ಮಾಡಿದವು. ಆದ್ದರಿಂದಲೇ ಹಳೆಯ ಪೆಟ್ಟಿಗೆಯ ಮುಖದ ಮೇಲಿನ ಕಮಲದ ಎಸಳು, ಬಳ್ಳಿ, ನವಿಲುಗಳನ್ನು ನೋಡಿದಾಗ ಹಳೆಯ ತೊಲೆಬಾಗಿಲಿನ ನೆನಪಾಗುತ್ತದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನವರು ಒಬ್ಬರು. ಮರ ಕೆತ್ತುವ ಬಾಚಿಯೇ ಅವರ ಹೆಸರಿನ ಭಾಗವಾಗಿದೆ. ಅವರ ಧರ್ಮಪತ್ನಿ ಕಾಳವ್ವೆಯವರೂ ವಚನಕಾರ್ತಿ. ಮರಗೆಲಸವನ್ನು ಹೊಟ್ಟೆಪಾಡೆಂದು ಮಾತ್ರ ನೋಡದೆ ಕಾಯಕವೆಂದು ಗೌರವಿಸಿದ ಪರಂಪರೆ ನಮ್ಮದು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಲೋಹದ ಪಟ್ಟಿಗಳು ಬರಿಯ ಅಲಂಕಾರಕ್ಕಲ್ಲ. ಮರ ಸತ್ತ ಮೇಲೂ ಉಸಿರಾಡುತ್ತದೆ ಎಂದು ಬಡಿಗೇರರು ಹೇಳುವುದುಂಟು. ನಮ್ಮ ಸೀಮೆಯ ಬೇಸಿಗೆಯಲ್ಲಿ ಹಲಗೆ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ. ಈ ಹಿಗ್ಗುಕುಗ್ಗಿನಲ್ಲಿ ಮೂಲೆಯ ಜೋಡಣೆ ಬಿಡಬಾರದೆಂದು, ಒಂದು ಹಲಗೆಯ ಅಂಚಿನಲ್ಲಿ ಹಲ್ಲುಗಳನ್ನು ಕೊರೆದು ಇನ್ನೊಂದರ ಸಂದಿಗೆ ಕೂಡಿಸಿ, ಅದರ ಮೇಲೆ ಲೋಹದ ಪಟ್ಟಿಯನ್ನು ಬಿಗಿಯುತ್ತಿದ್ದರು. ಹೆಚ್ಚು ಭಾರ ಬೀಳುವ ಕಡೆ ಕಬ್ಬಿಣ. ಕಣ್ಣಿಗೆ ಬೀಳುವ ಕಡೆ ಹಿತ್ತಾಳೆ. ಬೀಗದ ಸುತ್ತಲಿನ ತಗಡು ಅಗಲವಾಗಿರುವುದೂ ಸುಮ್ಮನಲ್ಲ. ದಿನವೂ ಬೀಗ ತಾಗಿ ಮರ ಸವೆಯದಿರಲಿ, ಕಳ್ಳ ಉಳಿಯಿಟ್ಟು ಹಲಗೆ ಸೀಳದಿರಲಿ ಎಂಬ ಮುಂದಾಲೋಚನೆ ಅದರಲ್ಲಿದೆ. ಉಪಯೋಗಕ್ಕೆ ಬೇಕಾದ ಕಡೆಯೇ ಅಂದವೂ ಬಂದು ಕೂತಿದೆ.

ನಿಮ್ಮ ಮನೆಯ ಪೆಟ್ಟಿಗೆ ಎಷ್ಟು ಹಳೆಯದೆಂದು ತಿಳಿಯಬೇಕಾದರೆ ಮೊದಲು ಮೊಳೆಯನ್ನು ನೋಡಿ. ಕುಲುಮೆಯಲ್ಲಿ ಬಡಿದು ಮಾಡಿದ ಮೊಳೆಯ ಮೈ ಚೌಕವಾಗಿ, ತುದಿಯ ಕಡೆಗೆ ಸಣ್ಣಗಾಗುತ್ತದೆ; ತಲೆ ಒಂದರಂತೆ ಒಂದಿರುವುದಿಲ್ಲ. ಗುಂಡನೆಯ ಮೈಯ, ಸಮನಾದ ತಲೆಯ ಮೊಳೆ ಯಂತ್ರದ್ದು. ಆಮೇಲೆ ಪೆಟ್ಟಿಗೆಯ ಬೆನ್ನು, ತಳಗಳ ಮೇಲೆ ಕೈಯಾಡಿಸಿ. ಕೈಗರಗಸದ, ಬಾಚಿಯ ಏಟಿನ ಏರುತಗ್ಗು ಬೆರಳಿಗೆ ತಿಳಿಯುತ್ತದೆ. ಮುಖವನ್ನು ಹೊಸದಾಗಿ ಹೊಳೆಯಿಸಿದರೂ ಬೆನ್ನು ಸುಳ್ಳು ಹೇಳುವುದಿಲ್ಲ.

ಕಲ್ಲು ಉಳಿಯಿತು, ಮರ ಹೋಯಿತು

ಹಂಪಿಗೆ ಹೋದವರೆಲ್ಲ ಕಲ್ಲನ್ನು ಕಂಡು ಬೆರಗಾಗುತ್ತಾರೆ. ಆದರೆ ವಿಜಯನಗರ ಕಲ್ಲಿನ ಪಟ್ಟಣವಾಗಿದ್ದಷ್ಟೇ ಮರದ ಪಟ್ಟಣವೂ ಆಗಿತ್ತು. ಅರಮನೆಗಳ ಕಲ್ಲಿನ ಪೀಠಗಳು, ಮೆಟ್ಟಿಲುಗಳು ಮಾತ್ರ ಇಂದು ಕಾಣುತ್ತವೆ. ಅವುಗಳ ಮೇಲೆ ನಿಂತಿದ್ದ ಮರದ ಕಂಬ, ಮರದ ಮಹಡಿಗಳು 1565ರ ರಕ್ಕಸತಂಗಡಿ ಯುದ್ಧದ ನಂತರದ ಸೂರೆಯಲ್ಲಿ, ಬೆಂಕಿಯಲ್ಲಿ ನಾಶವಾದವು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಜಗತ್ತೆಲ್ಲ ಕೊಂಡಾಡುತ್ತದೆ. ಅದನ್ನು ಕೆತ್ತಿದ ಶಿಲ್ಪಿ ಮಾದರಿಯಾಗಿಟ್ಟುಕೊಂಡದ್ದು ಮರದ ತೇರನ್ನು ಎಂಬುದು ಗಮನಾರ್ಹ. ಆ ಕಾಲದ ಅರಸರ, ವರ್ತಕರ ಭಂಡಾರದ ಪೆಟ್ಟಿಗೆಗಳು ಎಂತಿದ್ದವು ಎಂಬುದನ್ನು ತೋರಿಸಲು ಹಂಪಿಯ ಬಯಲಿನಲ್ಲಿ ಒಂದು ಹಲಗೆಯೂ ಇಲ್ಲ. ಮರ ಉಳಿದಿದ್ದರೆ ಅದು ಜನರ ಮನೆಗಳಲ್ಲಿ, ತೇರಿನ ಮನೆಗಳಲ್ಲಿ, ಮಠಗಳಲ್ಲಿ ಮಾತ್ರ. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಡುಮನೆಯ ಪೆಟ್ಟಿಗೆಗೆ ಅಂಥ ಪಟ್ಟಿಯಿಲ್ಲ. ಮನೆಯವರೇ ಅದಕ್ಕೆ ಕಾವಲು.

ಕಂಪ್ಲಿಯ ಕಥೆ ವಿಜಯನಗರಕ್ಕಿಂತ ಹಿಂದಿನದು. ಕಂಪಿಲರಾಯನೂ ಗಂಡುಗಲಿ ಕುಮಾರರಾಮನೂ ಆಳಿದ ನಾಡು ಅದು. ಅರಸೊತ್ತಿಗೆ ಅಳಿದರೂ ತುಂಗಭದ್ರೆ ಬತ್ತಲಿಲ್ಲ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇಂದಿಗೂ ಈ ಸೀಮೆಯ ಗದ್ದೆ, ಬಾಳೆತೋಟ, ಕಬ್ಬಿನ ಹೊಲಗಳಿಗೆ ನೀರುಣಿಸುತ್ತಿವೆ. ನೀರಿದ್ದ ಕಡೆ ಭೂಮಿಗೆ ಬೆಲೆ, ಭೂಮಿಗೆ ಬೆಲೆಯಿದ್ದ ಕಡೆ ಕಾಗದಪತ್ರಕ್ಕೆ ಬೆಲೆ, ಕಾಗದಪತ್ರವಿದ್ದ ಕಡೆ ಗಟ್ಟಿ ಪೆಟ್ಟಿಗೆ. ಕಂಪ್ಲಿಯ ಹಳೆಯ ಕೃಷಿಕ ಮನೆಯೊಂದರಲ್ಲಿ ನಾವು ಕಂಡ ಪೆಟ್ಟಿಗೆಯೊಳಗೆ ಒಂದು ಬದಿಗೆ ಮುಚ್ಚಳವುಳ್ಳ ಸಣ್ಣ ಖಾನೆ, ಅದರ ಕೆಳಗೆ ಮೇಲ್ನೋಟಕ್ಕೆ ತಳದಂತೆಯೇ ತೋರುವ ಇನ್ನೊಂದು ಹಲಗೆ ಇತ್ತು. ಆ ಹಲಗೆಯನ್ನು ಪಕ್ಕಕ್ಕೆ ಸರಿಸಿದರೆ ನಾಲ್ಕು ಬೆರಳು ಆಳದ ಕಳ್ಳಖಾನೆ. ಮನೆಯ ಯಜಮಾನರು ನಗುತ್ತ, “ನಮ್ಮಜ್ಜ ಸಾಯೋ ಮುಂದ ನಮ್ಮಪ್ಪಗ ಮಾತ್ರ ಇದನ್ನ ತೋರಿಸಿದ್ದ್ರಂತ್ರೀ” ಎಂದರು. ಹಾಗೆ ತೋರಿಸದೆಯೇ ಕಣ್ಣು ಮುಚ್ಚಿದ ಹಿರಿಯರ ಪೆಟ್ಟಿಗೆಗಳು ಎಷ್ಟಿವೆಯೋ!

ಸಂಡೂರಿನ ಬೆಟ್ಟಗಳು ಕಬ್ಬಿಣದ ಅದಿರಿಗೆ ಹೆಸರಾದವು. ಇಂದು ಆ ಅದಿರು ಲಾರಿ, ರೈಲುಗಳನ್ನೇರಿ ದೊಡ್ಡ ಕಾರ್ಖಾನೆಗಳಿಗೆ ಹೋಗುತ್ತದೆ. ಊರ ಕುಲುಮೆಯಲ್ಲೇ ಅದಿರು ಕರಗಿಸಿ ಕುಡ, ಕುಡುಗೋಲು, ಬಂಡಿಯ ಹಳಿ ಮಾಡಿಕೊಳ್ಳುತ್ತಿದ್ದ ಕಾಲ ಒಂದಿತ್ತು. ಬೆಟ್ಟದ ಕಾಡಿನ ಮರ, ಬೆಟ್ಟದ ಒಡಲಿನ ಕಬ್ಬಿಣ ಎರಡೂ ಕೈಗೆಟುಕುವಂತಿದ್ದ ಸೀಮೆ ಅದು. ಘೋರ್ಪಡೆ ಅರಸರ ಆಳ್ವಿಕೆಯಲ್ಲಿದ್ದ ಸಂಡೂರು ಸಂಸ್ಥಾನ 1949ರಲ್ಲಿ ಅಂದಿನ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯೊಡನೆ ವಿಲೀನವಾಯಿತು. ಹೊಸಪೇಟೆ, ಕಂಪ್ಲಿಗಳು ಮದರಾಸಿನ ಆಡಳಿತದಲ್ಲಿದ್ದವು. ಹೊಳೆಯಾಚೆಯ ಕೊಪ್ಪಳ, ಗಂಗಾವತಿ, ಆನೆಗೊಂದಿಗಳು ನಿಜಾಮರ ಹೈದರಾಬಾದಿಗೆ ಸೇರಿದ್ದವು. ಒಂದೇ ಹೊಳೆಯ ನೀರು ಕುಡಿಯುವ ಬೀಗರ ಮೂರು ಮನೆಗಳು ಮೂರು ಸರಕಾರಗಳಲ್ಲಿ ಹಂಚಿಹೋಗಿದ್ದ ಕಾಲವದು. ಹೀಗಾಗಿ ಈ ಭಾಗದ ಪೆಟ್ಟಿಗೆಗಳ ತಳದಲ್ಲಿ ಕನ್ನಡದ ಜೊತೆ ತೆಲುಗು, ಉರ್ದು, ಮೋಡಿ ಲಿಪಿಯ ಕಾಗದಗಳು ಸಿಕ್ಕರೆ ಅಚ್ಚರಿಯಿಲ್ಲ. ಓದಲು ಬಾರದೆಂದು ಅವನ್ನು ಒಲೆಗೆ ಹಾಕುವುದು ಮಾತ್ರ ತಕ್ಕುದಲ್ಲ.

ನೀರು ಬಂದ ವರ್ಷ

ಹೊಸಪೇಟೆ ಸೀಮೆಯ ಪೆಟ್ಟಿಗೆಗಳಿಗೆ ಇನ್ನೊಂದು ಚರಿತ್ರೆಯೂ ಅಂಟಿಕೊಂಡಿದೆ. 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಲಕ್ಷಾಂತರ ಎಕರೆ ಬರಡು ನೆಲ ಹಸಿರಾಯಿತು. ಅದೇ ನೀರಿನಡಿ ಸುಮಾರು 90 ಹಳ್ಳಿಗಳು ಮುಳುಗಿದವು. ಹೊಸಪೇಟೆಯ ಬಳಿಯ ನಾರಾಯಣದೇವರಕೆರೆ ಅವುಗಳಲ್ಲಿ ಒಂದು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು.

ಮರಿಯಮ್ಮನಹಳ್ಳಿಯ ಮನೆಯೊಂದರಲ್ಲಿ ತೊಂಬತ್ತರ ಅಂಚಿನ ಅಜ್ಜಿಯೊಬ್ಬರು ತಮ್ಮ ಪೆಟ್ಟಿಗೆಯನ್ನು ನಮಗೆ ತೋರಿಸಿದರು. “ನೀರು ಬರ್ತಾವಂತ ಹೇಳಿ ಎಲ್ಲಾ ಬಂಡಿಗೆ ಹೇರಿದ್ರಪ್ಪಾ. ಬಾಗಲ, ತೊಲಿ ಎಲ್ಲಾ ಬಿಚ್ಚಿಕೊಂಡು ಬಂದ್ವಿ. ನಾ ಆವಾಗ ಹೊಸಾ ಸೊಸಿ. ಈ ಪೆಟ್ಟಿಗಿ ಮ್ಯಾಲೆ ಕುಂತು ಊರು ಬಿಟ್ಟು ಬಂದೆ” ಎಂದರು. ಪೆಟ್ಟಿಗೆ ಅವರ ಅತ್ತೆ ತವರಿನಿಂದ ತಂದದ್ದು. ಮುಂಭಾಗದ ಹಿತ್ತಾಳೆಯ ತಗಡಿನಲ್ಲಿ ಎರಡು ನವಿಲು, ನಡುವೆ ಕಮಲ. ಒಂದು ನವಿಲಿನ ತಲೆ ಸವೆದುಹೋಗಿತ್ತು. ಮೂರು ತಲೆಮಾರಿನ ಹೆಂಗಸರು ಮುಚ್ಚಳ ಎತ್ತುವಾಗ ಬೆರಳೂರಿದ ಜಾಗ ಅದು.

ಮೊಮ್ಮಗ ಹೊಸ ಮನೆ ಕಟ್ಟಿಸುತ್ತಿದ್ದಾನೆ. ಅವನ ಮಾತಿನಲ್ಲಿ ಅಗೌರವವೇನೂ ಇರಲಿಲ್ಲ. “ಅಜ್ಜಿ, ಹೊಸಾ ಮನ್ಯಾಗ ಇದನ್ನ ಎಲ್ಲಿ ಇಡೋಣ ನೀನ ಹೇಳು. ಬಾಗಲದಾಗ ಹಿಡಿಯಂಗಿಲ್ಲ. ಕೊಳ್ಳೋವ್ರು ಎರಡು ಸಲ ಬಂದು ಹೋದ್ರು” ಎಂದ. ಅಜ್ಜಿ ಉತ್ತರ ಕೊಡಲಿಲ್ಲ. ಸೆರಗಿನ ಗಂಟಿನಲ್ಲಿದ್ದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಮುಳುಗಿದ ಊರಿನಿಂದ ಬಂದ ಬಾಗಿಲು, ತೊಲೆಗಳು ಹೊಸ ಮನೆಗಾಗಿ ಆಗಲೇ ಹೋಗಿವೆ. ಆ ಊರಿನದೆಂದು ಆ ಮನೆಯಲ್ಲಿ ಉಳಿದಿರುವುದು ಈ ಪೆಟ್ಟಿಗೆಯೊಂದೇ. ಮೊಮ್ಮಗನ ಕಷ್ಟವೂ ನಿಜ, ಅಜ್ಜಿಯ ಸಂಕಟವೂ ನಿಜ. ಇಂಥ ಮಾತು ಇಂದು ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ.

ಪೆಟ್ಟಿಗೆಯೊಳಗೆ ಏನಿತ್ತು?

ಹಳೆಯ ಪೆಟ್ಟಿಗೆ ಮನೆಯ ಹೆಣ್ಣುಮಕ್ಕಳ ಅಧಿಕಾರದ ಗುರುತಾಗಿತ್ತು. ಹೊಲ, ಮನೆ ಗಂಡಸರ ಹೆಸರಿನಲ್ಲಿದ್ದ ಕಾಲದಲ್ಲಿ, ತವರಿನ ಬಳುವಳಿಯಾಗಿ ಬಂದ ಪೆಟ್ಟಿಗೆ ಮತ್ತು ಅದರೊಳಗಿನದು ಅವಳದೇ. ಇಳಕಲ್ಲ ಸೀರೆ, ಮೊಳಕಾಲ್ಮೂರಿನ ರೇಷ್ಮೆ, ಮಗುವಿನ ಕುಂಚಿಗೆ, ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದ ಕೌದಿ, ಕಷ್ಟಕಾಲಕ್ಕೆಂದು ಬಟ್ಟೆಯ ಗಂಟಿನಲ್ಲಿಟ್ಟ ನಾಲ್ಕು ಬೆಳ್ಳಿ ರೂಪಾಯಿ. ಅತ್ತೆ ಬೀಗದ ಕೈಗೊಂಚಲನ್ನು ಸೊಸೆಯ ಕೈಗೆ ಕೊಟ್ಟ ದಿನ ಮನೆಯ ಯಜಮಾನಿಕೆ ಕೈ ಬದಲಾಯಿತೆಂದೇ ಅರ್ಥ.

ವರ್ತಕರ ಪೆಟ್ಟಿಗೆಯಲ್ಲಿ ಕಡತ ಇರುತ್ತಿತ್ತು. ಇಂದು ಕಚೇರಿಯ ಕಾಗದದ ಕಟ್ಟಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ದಪ್ಪ ಬಟ್ಟೆಗೆ ಹುಣಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಲೆಕ್ಕ ತೀರಿದರೆ ಒರೆಸಿ, ಮತ್ತೆ ಕಪ್ಪು ಬಳಿದು ಬರೆಯಬಹುದಾಗಿತ್ತು. ಕರಿಯ ಗಟ್ಟಿ ಬಟ್ಟೆಯ ಕಟ್ಟೊಂದು ಪೆಟ್ಟಿಗೆಯ ತಳದಲ್ಲಿ ಸಿಕ್ಕರೆ ಚಿಂದಿಯೆಂದು ಎಸೆಯಬೇಡಿ, ತೊಳೆಯಲೂ ಬೇಡಿ. ನೀರು ತಾಗಿದರೆ ಬರಹ ಹೋಗುತ್ತದೆ.

ಇನ್ನು ತಾಳೆಗರಿಯ ಕಟ್ಟುಗಳು. ವಚನ ಪಿತಾಮಹ ಫ. ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡು, ಊರೂರಿನ ಮನೆ, ಮಠಗಳಿಂದ ತಾಳೆಯೋಲೆಗಳನ್ನು ಸಂಗ್ರಹಿಸಿದ ಸಂಗತಿ ನಮ್ಮ ವಾಚಕರಿಗೆ ತಿಳಿದದ್ದೇ. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಬೆಳಕು ಕಂಡಿತು. ಆ ಓಲೆಗಳು ಅಲ್ಲಿಯವರೆಗೆ ಎಲ್ಲಿದ್ದವು? ಜಗುಲಿಯ ಮೇಲೆ, ಅಟ್ಟದ ಮೇಲೆ, ಇಂಥ ಮರದ ಪೆಟ್ಟಿಗೆಗಳಲ್ಲಿ. ಓದಲು ಬಾರದಿದ್ದರೂ ಹಿರಿಯರದೆಂಬ ಭಕ್ತಿಯಿಂದ ಹೂವು, ವಿಭೂತಿಯಿಟ್ಟು ಕಾಪಾಡಿಕೊಂಡು ಬಂದ ಮನೆಯವರಿಲ್ಲದಿದ್ದರೆ ಹಳಕಟ್ಟಿಯವರ ಕೈಗೆ ಸಿಗುವುದಾದರೂ ಏನಿತ್ತು? ಶರಣರ ಮಾತು ನಮ್ಮವರೆಗೆ ಬಂದ ದಾರಿಯಲ್ಲಿ ಹೆಸರಿಲ್ಲದ ಎಷ್ಟೋ ಪೆಟ್ಟಿಗೆಗಳು ನಿಂತಿವೆ.

ದೂರದ ಕೊರಿಯಾದಲ್ಲಿ

ಲೋಹ ಬಿಗಿದ ಪೆಟ್ಟಿಗೆ ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಸೌರಾಷ್ಟ್ರದಲ್ಲಿ ಮದುಮಗಳೊಡನೆ ಹೋಗುವ ಪಟಾರೊ ಎಂಬ ದೊಡ್ಡ ಪೆಟ್ಟಿಗೆಯ ಮೈಗೆ ಹಿತ್ತಾಳೆ ಹೊದಿಸುತ್ತಾರೆ. ಕೇರಳದ ನೆಟ್ಟೂರು ಪೆಟ್ಟಿ ಒಡವೆಗೆಂದೇ ಮಾಡಿದ, ಮನೆಯ ಮಾಡಿನಾಕಾರದ ಮುಚ್ಚಳದ ಚೆಲುವಾದ ಪೆಟ್ಟಿಗೆ. ಆದರೆ ಇದನ್ನೊಂದು ದೊಡ್ಡ ಕಲೆಯಾಗಿ ಬೆಳೆಸಿ, ಅಳಿವಿನ ಅಂಚಿಗೆ ಬಂದಾಗ ಎಚ್ಚತ್ತುಕೊಂಡ ದೇಶ ಕೊರಿಯಾ. ಆ ಕಥೆ ನಮಗೂ ಪಾಠವಾಗುವಂತಿದೆ.

ಕೊರಿಯಾದ ಜನರೂ ನಮ್ಮಂತೆ ನೆಲದ ಮೇಲೆ ಕುಳಿತು ಉಣ್ಣುವ, ನೆಲದ ಮೇಲೆ ಮಲಗುವ ಜನ. ಅಲ್ಲಿಯ ಚಳಿಗೆ ನೆಲದಡಿಯಲ್ಲಿ ಬಿಸಿಹೊಗೆ ಹಾಯಿಸಿ ಮನೆಯನ್ನು ಬೆಚ್ಚಗಿಡುತ್ತಿದ್ದರು. ಹಾಗಾಗಿ ಅವರ ಪೆಟ್ಟಿಗೆಗಳು ಗಿಡ್ಡ, ಕೆಳಗೆ ಕಾಲು. ಬಂದಾಜಿ ಎಂಬ ಬಗೆಯ ಪೆಟ್ಟಿಗೆ ಮನೆಮನೆಯಲ್ಲೂ ಇತ್ತು. ಆ ಹೆಸರಿನ ಅರ್ಥ ‘ಅರ್ಧ ಮುಚ್ಚುವುದು’ ಎಂದು. ನಮ್ಮ ಪೆಟ್ಟಿಗೆಯ ಮುಚ್ಚಳ ಮೇಲಕ್ಕೆ ತೆರೆಯುತ್ತದೆ. ಬಂದಾಜಿಯಲ್ಲಿ ಮುಂಭಾಗದ ಮೇಲರ್ಧವೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಇದರಿಂದ ಹಗಲು ಹೊತ್ತು ಹಾಸಿಗೆಗಳನ್ನು ಮಡಚಿ ಪೆಟ್ಟಿಗೆಯ ಮೇಲಿಡಲು ಅನುಕೂಲ. ಜೋಸನ್ ರಾಜಮನೆತನದ ಕಾಲದಲ್ಲಿ (1392–1910) ಈ ಕಲೆ ಪ್ರಾಂತಪ್ರಾಂತಕ್ಕೆ ಬೇರೆಯಾಗಿ ಬೆಳೆಯಿತು. ಉತ್ತರದ ಬಾಕ್‌ಚಾನ್ ಸೀಮೆಯ ಪೆಟ್ಟಿಗೆಗಳಲ್ಲಿ ಕಬ್ಬಿಣದ ತಗಡಿಗೆ ಜಾಲಂದರದಂತೆ ತೂತು ಕೊರೆದು ಚಿತ್ತಾರ ಮಾಡುತ್ತಿದ್ದರು. ಇನ್ನು ಕೆಲವೆಡೆ ಹಿತ್ತಾಳೆ, ಬಿಳಿಹಿತ್ತಾಳೆಯ ಚಿಟ್ಟೆ, ಬಾವಲಿಗಳು. ಬಾವಲಿ ನಮಗೆ ಅಶುಭ. ಅವರಿಗೆ ಭಾಗ್ಯದ ಗುರುತು, ಏಕೆಂದರೆ ಬಾವಲಿಗೂ ಭಾಗ್ಯಕ್ಕೂ ಬಳಸುವ ಚೀನೀ ಅಕ್ಷರಗಳ ಉಚ್ಚಾರ ಒಂದೇ. ಸ್ವಸ್ತಿಕವೂ ಅಲ್ಲಿ ಕಾಣುತ್ತದೆ. ಬೀಗವನ್ನು ಮೀನಿನ ಆಕಾರದಲ್ಲಿ ಮಾಡುತ್ತಿದ್ದರು. ಮೀನು ಕಣ್ಣು ಮುಚ್ಚುವುದಿಲ್ಲ, ಆದ್ದರಿಂದ ಅದಕ್ಕಿಂತ ಒಳ್ಳೆಯ ಕಾವಲುಗಾರನಿಲ್ಲ!

1950ರಿಂದ 1953ರವರೆಗಿನ ಕೊರಿಯಾ ಯುದ್ಧ, ಅದರ ನಂತರದ ಬಡತನ, ಆಮೇಲೆ ನಗರಗಳ ಬಹುಮಹಡಿ ಮನೆಗಳು ಈ ಪೆಟ್ಟಿಗೆಗಳನ್ನು ನಡುಮನೆಯಿಂದ ಹೊರದೂಡಿದವು. ಅನೇಕವು ಪರದೇಶೀಯರ ಕೈಸೇರಿ ಕಡಲಾಚೆ ಹೋದವು. ಆಗ ಅಲ್ಲಿಯ ಸರಕಾರ ವಸ್ತುವಿನೊಡನೆ ವಿದ್ಯೆಯನ್ನೂ ಕಾಪಾಡಲು ಮುಂದಾಯಿತು. ಮನೆಬಳಕೆಯ ಮರಗೆಲಸವನ್ನು 1975ರಲ್ಲಿ, ಪೆಟ್ಟಿಗೆಯ ಲೋಹದ ಕುಸುರಿ ಕೆಲಸವನ್ನು 1980ರಲ್ಲಿ ರಾಷ್ಟ್ರದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿ, ಬಲ್ಲ ಕುಶಲಿಗಳನ್ನು ಗುರುತಿಸಿ, ಶಿಷ್ಯರಿಗೆ ಕಲಿಸುವ ಹೊಣೆ ಹೊರಿಸಿತು. ಪೆಟ್ಟಿಗೆ ಮಾಡಬಲ್ಲ ಕೈ ಉಳಿದರೆ ಪೆಟ್ಟಿಗೆಯೂ ಉಳಿಯುತ್ತದೆ ಎಂಬ ತಿಳಿವು ಅದು.

ನಮ್ಮಲ್ಲಿ ಇಂಥ ಕೆಲಸ ಹೆಚ್ಚಾಗಿ ಒಬ್ಬೊಬ್ಬರ ಶ್ರದ್ಧೆಯಿಂದ ನಡೆದಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪರಂಪರೆಯ ಗ್ರಾಮದಲ್ಲಿ, ನಮ್ಮ ನೆರೆಯ ಕುಕನೂರಿನ ಕಮಲಮಹಲು ಮರುಜೋಡಣೆಗೊಂಡು ನಿಂತಿದೆ. ಅದು ಉಳಿಯಿತೆಂಬ ಸಂತೋಷದೊಡನೆ, ನಮ್ಮ ಸೀಮೆಯ ಮರಗೆಲಸವನ್ನು ನೋಡಲು ಕಡಲತೀರದವರೆಗೆ ಹೋಗಬೇಕಾಯಿತಲ್ಲ ಎಂಬ ವಿಷಾ‌ದವೂ ಮೂಡುತ್ತದೆ.

ಮಾರುವವರಿಗೆ ಎರಡು ಮಾತು

ಕೊಳ್ಳಲು ಬಂದವರು ಮೊದಲು ಹೇಳುವ ಮಾತು, “ಇದರಲ್ಲೇನಿದೆ, ಹುಳ ಹಿಡಿದ ಮರ” ಎಂದು. ಹಿತ್ತಾಳೆಯನ್ನು ತೂಕಕ್ಕೆ, ಮರವನ್ನು ಸೌದೆಯ ಲೆಕ್ಕಕ್ಕೆ ಕೇಳುತ್ತಾರೆ. ತಗಡನ್ನು ಕಿತ್ತು ಬೇರೆ ಮಾರಿದರೆ ಪೆಟ್ಟಿಗೆಯ ಬೆಲೆಯೂ ಹೋಗುತ್ತದೆ, ಅಂದವೂ ಹೋಗುತ್ತದೆ. ಆತುರದಿಂದ ಅಂದೇ ಒಪ್ಪದೆ ಎರಡು ಮೂರು ಕಡೆ ವಿಚಾರಿಸಿ.

ಕಾನೂನನ್ನೂ ತಿಳಿದಿರಬೇಕು. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆಯ ಪ್ರಕಾರ ಕಲೆ, ಕುಶಲತೆಯುಳ್ಳ ವಸ್ತುವಿಗೆ 100 ವರ್ಷ ತುಂಬಿದರೆ ಅದು ಪುರಾತನ ವಸ್ತು. ಚಾರಿತ್ರಿಕ ಅಥವಾ ಸಾಹಿತ್ಯಕ ಮೌಲ್ಯದ ಹಸ್ತಪ್ರತಿಗೆ 75 ವರ್ಷ ಸಾಕು. ಇವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ; ಇವುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಪೆಟ್ಟಿಗೆಯನ್ನು ಕೊಡುವ ಮುನ್ನ ಪೂರ್ತಿ ಬರಿದು ಮಾಡಿ ನೋಡುವುದು. ಒಳಖಾನೆಯ ತಳವನ್ನು ತಟ್ಟಿ ನೋಡಿ. ಹೊರಗಿನ ಆಳಕ್ಕೂ ಒಳಗಿನ ಆಳಕ್ಕೂ ಅಳತೆ ಹೊಂದದಿದ್ದರೆ ನಡುವೆ ಏನೋ ಇದೆಯೆಂದು ತಿಳಿಯಿರಿ. ತಾಳೆಗರಿ, ಕಡತ, ಹಳೆಯ ಕಾಗದ ಸಿಕ್ಕರೆ ಬಲ್ಲವರಿಗೆ ತೋರಿಸಿ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳ ಅಧ್ಯಯನಕ್ಕೆಂದೇ ವಿಭಾಗವಿದೆ. ನಮ್ಮ ನಾಲ್ಕೂ ಊರುಗಳಿಗೆ ಅದು ದೂರವೇನಲ್ಲ.

ಉಳಿಸಿಕೊಳ್ಳುವವರಿಗೆ

ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲಿಡಿ. ಗೋಡೆಗೆ ಒತ್ತದೆ ನಾಲ್ಕು ಬೆರಳು ಬಿಡಿ. ಗೆದ್ದಲು ಹತ್ತುವುದು ಹೆಚ್ಚಾಗಿ ಈ ಎರಡು ದಾರಿಗಳಿಂದಲೇ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಒಳಗಿನದನ್ನೆಲ್ಲ ಹೊರತೆಗೆದು ನೆರಳಿನಲ್ಲಿ ಗಾಳಿಗಿಡಿ. ಪೆಟ್ಟಿಗೆಯನ್ನು ಉರಿಬಿಸಿಲಿಗೆ ಇಡಬೇಡಿ, ಹಲಗೆ ಸೀಳುತ್ತದೆ. ಬಟ್ಟೆಗಳ ನಡುವೆ ಒಣಗಿದ ಬೇವಿನ ಎಲೆ, ಬಜೆ, ಲಾವಂಚದ ಬೇರು ಇಡುವ ಅಜ್ಜಿಯರ ಪದ್ಧತಿ ಇಂದಿಗೂ ಒಳ್ಳೆಯದೇ.

ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸುವ ಆಸೆ ಎಲ್ಲರಿಗೂ ಬರುತ್ತದೆ. ಪಾತ್ರೆಗೆ ಅದು ಸರಿ. ಮರಕ್ಕೆ ಬಡಿದ ತಗಡಿಗೆ ಬೇಡ. ಹುಳಿ ತಗಡಿನ ಹಿಂದೆ ಇಳಿದು ಮರವನ್ನು ಕಲೆಗಟ್ಟಿಸುತ್ತದೆ, ಕಬ್ಬಿಣದ ಮೊಳೆಗೆ ತುಕ್ಕು ಹಿಡಿಸುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಮರವನ್ನು ಮರಳುಕಾಗದದಿಂದ ಉಜ್ಜಿ, ವಾರ್ನಿಷ್ ಬಳಿದು ಹೊಸದಾಗಿಸುವುದೂ ಬೇಡ. ನೂರು ವರ್ಷ ಕೈಯಾಡಿ ಬಂದ ಬಣ್ಣ ಒಂದು ಗಂಟೆಯಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ತೀರ ಒಣಗಿದ್ದರೆ ಅಗಸೆ ಎಣ್ಣೆಯನ್ನು ಬಟ್ಟೆಗೆ ತುಸುವೇ ಹಚ್ಚಿಕೊಂಡು ಸವರಿ, ಉಳಿದದ್ದನ್ನು ಒರೆಸಿಬಿಡಿ. ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹರವಿ ಒಣಗಿಸಬೇಕು. ಮುದ್ದೆಯಾಗಿದ್ದರೆ ಅದು ತಾನಾಗಿ ಕಾದು ಹೊತ್ತಿಕೊಳ್ಳುವ ಭಯವುಂಟು. ಕೊಂಡಿ, ಬಿಜಾಗರಿ ಸಡಿಲವಾದರೆ ವೆಲ್ಡಿಂಗ್ ಅಂಗಡಿಗೆ ಒಯ್ಯದೆ ಊರಿನ ಹಿರಿಯ ಬಡಿಗೇರರನ್ನೋ ಕಮ್ಮಾರರನ್ನೋ ಕರೆಸಿ. ಅವರ ಕೈಗೆ ಕೆಲಸ ಸಿಗುತ್ತದೆ, ಅವರ ಮಕ್ಕಳು ನಿಂತು ನೋಡುತ್ತಾರೆ.

ಹೊಸ ಮನೆಯಲ್ಲಿ ಜಾಗವಿಲ್ಲವೆಂಬ ಮಾತಿಗೂ ಪರಿಹಾರವುಂಟು. ನಕ್ಷೆ ಬರೆಸುವಾಗಲೇ ಎಂಜಿನಿಯರರಿಗೆ ಪೆಟ್ಟಿಗೆಯ ಅಳತೆ ಕೊಡಿ. ಪಡಸಾಲೆಯಲ್ಲಿ ಒಂದು ಬೆಂಚಿನಷ್ಟು ಜಾಗ ಸಾಕು. ಮೇಲೊಂದು ಕೌದಿ ಹಾಸಿದರೆ ಇಬ್ಬರು ಕೂರುತ್ತಾರೆ. ಅದೂ ಆಗದಿದ್ದರೆ ಊರಿನ ಮಠಕ್ಕೋ ಶಾಲೆಗೋ ಕೊಡಬಹುದು. ಊರಿನ ವಸ್ತು ಊರಿನಲ್ಲೇ ಉಳಿಯುತ್ತದೆ.

ಕೊನೆಯದಾಗಿ ಎಲ್ಲರಿಗೂ ಸಾಧ್ಯವಾದ, ಖರ್ಚಿಲ್ಲದ ಒಂದು ಕೆಲಸ. ಈ ಪೆಟ್ಟಿಗೆ ಯಾರದು, ಯಾವ ಊರಿನಿಂದ ಯಾವಾಗ ಬಂತು, ಯಾವ ತಾಯಿಯ ಬಳುವಳಿ, ಯಾವ ಮನೆತನದವರು ಮಾಡಿದ್ದು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆಯಿರಿ. ಕಳ್ಳಖಾನೆ ಇದ್ದರೆ ಅದನ್ನು ಮಾತ್ರ ಬರೆಯದೆ ಮಕ್ಕಳ ಕಿವಿಯಲ್ಲಿ ಹೇಳಿ! ಹಾಳೆಯ ಕೆಳಗೆ ತಾರೀಖು ಹಾಕಿ, ಹಿರಿಯರ ಸಹಿ ಅಥವಾ ಹೆಬ್ಬೆಟ್ಟು ಪಡೆದು, ಮುಚ್ಚಳದ ಒಳಬದಿಗೆ ಸಿಕ್ಕಿಸಿಡಿ. ಪೆಟ್ಟಿಗೆ ಉಳಿದರೂ ಹೋದರೂ ಆ ಹಾಳೆಯ ಇನ್ನೊಂದು ಪ್ರತಿ ಮನೆಯಲ್ಲಿರಲಿ. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.